ಎಳೆದು ಕೂರಿಸುವವರಿಲ್ಲ

"ಮೆಂಬರ್ರು ನಾನೇ ಅನ್ಕಳಿ. ಏನ್ ಸಮಾಚಾರ ಹೇಳಿ" ಎಂದು ಯಲ್ಲಯ್ಯ ಟವಲ್ಲಿನಿಂದ ಜಗಲಿ ಕೊಡವಿ ಜಾಗ ಮಾಡಿದ.

ಬಂದವರು ಕೂರಲಿಲ್ಲ. ಕುಣಿಗಲ್‌ನಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಮಹಾಲಿಂಗಯ್ಯ ಅವರು. ವಿಧಾನ ಪರಿಷತ್ತಿನ ಚುನಾವಣೆಗೆ ಪಕ್ಷೇತರರಾಗಿ ನಿಂತಿದ್ದರು. ಪಂಚಾಯ್ತಿ, ಪುರಸಭೆಗಳ ಸದಸ್ಯರಷ್ಟೇ ಓಟು ಹಾಕುವ ಚುನಾವಣೆ ಅದು. ಹಾಗಾಗಿ ಒಬ್ಬೊಬ್ಬರ ಮನೆಗೂ ಬಸ್ಸು ಹತ್ತಿ ಬರುತ್ತಿದ್ದರು.

"ಯಜಮಾನ್ರೇ, ಓಟು ಅಮ್ಮಾರ್ದು. ಅವ್ರನ್ನೇ ಕೇಳ್ಬೇಕಿತ್ತು."

ಸಿದ್ದಲಕ್ಷ್ಮಮ್ಮ ಸೆರಗಿಗೆ ಕೈಯೊರೆಸುತ್ತ ಬಾಗಿಲಿಗೆ ಬಂದಳು. ಮಹಿಳಾ ಮೀಸಲಿನಲ್ಲಿ ಗೆದ್ದವಳು ಅವಳೇ ಆದರೂ ಸಭೆಗೆ ಹೋಗುತ್ತಿದ್ದವನು ಗಂಡ. ಅವಳದು ಹೆಬ್ಬೆಟ್ಟು ಮಾತ್ರ.

"ಪಕ್ಷ ಇಲ್ದೋರು ಅಲ್ಲೋಗಿ ಏನ್ಮಾಡ್ತೀರಿ ಸ್ವಾಮಿ?" ಎಂದಳು. ಅದರಲ್ಲಿ ಕೊಂಕಿರಲಿಲ್ಲ, ನಿಜಕ್ಕೂ ಅವಳಿಗೆ ಗೊತ್ತಿರಲಿಲ್ಲ.

"ದೊಡ್ಡದೇನೂ ಮಾಡಕ್ಕಾಗಲ್ಲ ಕಣಮ್ಮ. ಎದ್ದು ನಿಂತು ಕೇಳ್ಬೋದು. ಕೇಳಿದ್ರೆ ಮಂತ್ರಿ ಏನಾದ್ರೂ ಹೇಳ್ಲೇಬೇಕು. ನಿಮ್ಮೂರಿಗೆ ಏನ್ ಕೇಳ್ಲಿ?"

"ನರ್ಸಮ್ಮ" ಎಂದಳು ತಕ್ಷಣ.

ಕಡಬದ ಕೆರೆಯಾಚೆಯ ಆ ಹಳ್ಳಿಯ ಆರೋಗ್ಯ ಉಪಕೇಂದ್ರಕ್ಕೆ ಬೀಗ ಬಿದ್ದು ಬಹಳ ಕಾಲವಾಗಿತ್ತು. ಹಿಂದಿನ ಬೇಸಿಗೆಯಲ್ಲಿ ಮಗಳು ಮಂಜುಶ್ರೀಗೆ ಬೇನೆ ಬಂದಾಗ ಟ್ರ್ಯಾಕ್ಟರಿನಲ್ಲಿ ಗುಬ್ಬಿಗೆ ಹೊರಟಿದ್ದರು. ದಾರಿಯಲ್ಲೇ ಹೆರಿಗೆಯಾಯಿತು. ಕೂಸು ಅಳಲಿಲ್ಲ. ಟ್ರ್ಯಾಕ್ಟರಿನ ಮಾತಿನವರೆಗೆ ಹೇಳಿ ಅವಳು ಮಜ್ಜಿಗೆ ತರಲು ಒಳಗೆ ಹೋದಳು. ಉಳಿದದ್ದನ್ನು ಯಲ್ಲಯ್ಯನೇ, ದನದ ಕೊಟ್ಟಿಗೆಯ ಕಡೆ ಮುಖ ಮಾಡಿ, ಎರಡು ಮಾತಿನಲ್ಲಿ ಹೇಳಿ ಮುಗಿಸಿದ.

ಮಹಾಲಿಂಗಯ್ಯ ಮಾಡಿಸುತ್ತೇನೆ ಎನ್ನಲಿಲ್ಲ. "ಕೇಳ್ತೀನಿ" ಎಂದಷ್ಟೇ ಹೇಳಿ, ಕೊಟ್ಟ ಮಜ್ಜಿಗೆ ಕುಡಿದು ಹೊರಟರು.

ಅವರು ಬೀದಿ ದಾಟುತ್ತಿದ್ದಂತೆ ಯಲ್ಲಯ್ಯ ಹೇಳಿದ: "ಅವ್ರು ಗೆಲ್ಲೋ ಆಸಾಮಿ ಅಲ್ಲ ಬುಡು. ಗುಬ್ಬಿಯ ಪಕ್ಷದೋರಿಗೆ ಮಾತು ಕೊಟ್ಟಿವ್ನಿ. ಜೀಪ್ ಬತ್ತದೆ. ನಿಂಗೆ ಓದಕ್ ಬರಲ್ಲ, ಒಳಿಕ್ಕೆ ನಾನೂ ಬತ್ತೀನಿ."

ಈ ಚುನಾವಣೆಯ ಚೀಟಿಯಲ್ಲಿ ಗುರುತಿನ ಚಿತ್ರಗಳಿಲ್ಲ. ಹೆಸರು ಓದಿ ಅದರ ಮುಂದೆ ಒಂದು ಎಂದು ಅಂಕಿ ಬರೆಯಬೇಕು. ಓದು ಬಾರದವರು ಜೊತೆಗೊಬ್ಬರನ್ನು ಕರೆದುಕೊಂಡು ಹೋಗಬಹುದಿತ್ತು.

ಮಾರನೆಯ ಮಧ್ಯಾಹ್ನ ಸಿದ್ದಲಕ್ಷ್ಮಮ್ಮ ರವಿಕೆ ಕಣ ಹಿಡಿದು ಜಮಾಲುನ್ನೀಸಾಳ ಮನೆಗೆ ಹೋದಳು. ಬಟ್ಟೆ ಹೊಲಿಯುವ ಜಮಾಲುನ್ನೀಸಾಳೂ ಪಂಚಾಯ್ತಿ ಸದಸ್ಯೆಯೇ.

"ಜಮಾಲಕ್ಕ, ಒಂದ್ ಹೆಸ್ರು ಕಲಿಸ್ಕೊಡು."

ಯಾರ ಹೆಸರೆಂದು ಕೇಳಿ ಜಮಾಲುನ್ನೀಸಾ ಮಿಷಿನ್ನಿನ ಮೇಲೇ ಕೈಯಿಟ್ಟು ನಕ್ಕಳು. ಆಮೇಲೆ ಬಾಗಿಲು ಮುಂದಕ್ಕೆ ಮಾಡಿ, ಕಪ್ಪು ಬಟ್ಟೆಯ ಮೇಲೆ ಸೀಮೆಸುಣ್ಣದಿಂದ ಬರೆದಳು. "ಪೂರ್ತಿ ಬ್ಯಾಡ. ಈ 'ಲಿಂ' ನೋಡು, ಪಕ್ಕದಲ್ಲೊಂದು ಸೊನ್ನೆ ಕೂತದೆ. ಅದನ್ನ ಹಿಡ್ಕೊ." ಬಟ್ಟೆ ಕೊಡವಿದರೆ ಹೆಸರು ಹೋಗುತ್ತಿತ್ತು, ಸಿದ್ದಲಕ್ಷ್ಮಮ್ಮ ಮತ್ತೆ ಬರೆಯುತ್ತಿದ್ದಳು. ಸಂಜೆಗೆ ಬೆರಳೆಲ್ಲ ಬಿಳುಪಾಗಿತ್ತು.

ಮತದಾನದ ದಿನ ಗುಬ್ಬಿಯ ತಾಲ್ಲೂಕು ಕಚೇರಿಯಲ್ಲಿ ಅಧಿಕಾರಿ ಯಲ್ಲಯ್ಯನನ್ನು ತೋರಿಸಿ, "ಸಹಾಯಕ್ಕೆ ಇವ್ರು ಬರ್ತಾರಾ?" ಎಂದರು.

"ಬ್ಯಾಡ ಸ್ವಾಮಿ. ನಂಗೇ ಬರ್ತದೆ."

ಅಧಿಕಾರಿ ಯಲ್ಲಯ್ಯನನ್ನು ಹೊರಗೆ ಕಳಿಸಿದರು. ಒಳಗೆ ಅಕ್ಷರಗಳೆಲ್ಲ ಒಂದರ ಮೇಲೊಂದು ಹತ್ತಿದಂತೆ ಕಂಡವು. ಅವಳು ಉಸಿರು ಬಿಟ್ಟು, ಮೇಲಿನಿಂದ ಬೆರಳಿಟ್ಟುಕೊಂಡು ಬಂದಳು. 'ಲಿಂ' ಸಿಕ್ಕಿತು. ಅದರ ಮುಂದೆ ಅವಳು ಬರೆದ ಒಂದು, ಕೆರೆಯಂಚಿನ ತೆಂಗಿನ ಮರದಂತೆ ವಾಲಿತು.

"ಯಾರಿಗಾಕ್ದೆ?" ಎಂದ ಗಂಡನಿಗೆ, "ಹೇಳ್ಬಾರ್ದಂತೆ" ಎಂದಳು. ಆಮೇಲೆ ಮನೆಯಲ್ಲಿ ಮಾತು ನಿಂತಿತು. 'ಹೆಂಡ್ತೀನ ಹಿಡಿತದಲ್ಲಿ ಇಟ್ಕಳಕ್ಕಾಗ್ದೋನು' ಎಂದು ಯಾರೋ ಹೋಟೆಲಿನಲ್ಲಿ ಅಂದಿದ್ದರಂತೆ. ಯಲ್ಲಯ್ಯ ಉಂಡ ತಟ್ಟೆಯನ್ನು ಸದ್ದು ಮಾಡಿ ಇಟ್ಟು ಎದ್ದುಹೋಗುತ್ತಿದ್ದ. ಮಹಾಲಿಂಗಯ್ಯ ಗೆದ್ದ ಸುದ್ದಿ ಬಂದ ಮೇಲಂತೂ ಅವನು ಜಗಲಿಯಲ್ಲೇ ಮಲಗತೊಡಗಿದ.

ಮುಂದಿನ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಉಪಕೇಂದ್ರದ ಬೀಗ ತೆಗೆದರು. ಯಡಿಯೂರಿನ ಕಡೆಯ ನರ್ಸೊಬ್ಬಳು ಬಂದು ಅಲ್ಲಿಯೇ ಒಲೆ ಹೂಡಿದಳು. ಮಂಜುಶ್ರೀ ಎರಡನೆಯ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಬೆಳಿಗ್ಗೆ, ಉಪಕೇಂದ್ರದ ಮುಚ್ಚಿದ ಬಾಗಿಲಿನೊಳಗಿಂದ ಕೂಸಿನ ಅಳು ಕೇಳಿತು. ಹೊರಗೆ ನಿಂತಿದ್ದ ಯಲ್ಲಯ್ಯ ಗೋಡೆಗೊರಗಿ ಕುಕ್ಕರಿಸಿದ. ನರ್ಸು ಮೊಮ್ಮಗಳನ್ನು ತಂದು ತೋರಿಸಿದಾಗ ಮುಟ್ಟಲು ಹೆದರಿ ಕೈ ಹಿಂದಕ್ಕೆಳೆದುಕೊಂಡ.

ಪುರುಡು ಕಳೆದ ಮೇಲೆ ಅವನೇ ತೋಟದಿಂದ ಕಾಯಿ ತಂದು ಸುಲಿದು ಚೀಲಕ್ಕೆ ತುಂಬಿದ.

"ಕುಣಿಗಲ್‌ಗೆ ಹೋಗ್ಬುಟ್ಟು ಬಾ."

"ನೀವೂ ಬನ್ನಿ."

"ಯಾವ್ ಮಖ ಇಟ್ಕಂಡ್ ಬರ್ಲಿ? ಮೆಂಬರ್ ನೀನು. ನೀನೋಗು."

ಮಹಾಲಿಂಗಯ್ಯ ಅಂಗಡಿಯಲ್ಲಿ ಯಾರಿಗೋ ಮೊಳೆ ತೂಗುತ್ತಿದ್ದರು. ಅವಳನ್ನು ಸ್ಟೂಲಿನ ಮೇಲೆ ಕೂರಿಸಿ ಕಾಫಿ ತರಿಸಿದರು. ಕೂಸು ಹುಟ್ಟಿದ್ದು ಕೇಳಿ ತಕ್ಕಡಿ ಕೆಳಗಿಟ್ಟರು.

"ನಾನ್ ಕೇಳ್ದಾಗ ಪರಿಶೀಲಿಸ್ತೀವಿ ಅಂದ್ರು ಮಂತ್ರಿ. ಯಾವತ್ತು ಅಂದೆ. ಟೈಮಾಯ್ತು ಕೂತ್ಕೊಳ್ಳಿ ಅಂದ್ರು ಸಭಾಪತಿ. ಪಕ್ಷದೋರಾದ್ರೆ ಲೀಡರ್ರು ಷರ್ಟ್ ಹಿಡಿದು ಎಳ್ದು ಕೂರಿಸ್ಬುಡ್ತಾರೆ. ನನ್ನ ಎಳ್ಯೋರು ಯಾರವ್ರೆ? ನಿಂತೇ ಇದ್ದೆ." ಅವರು ನಕ್ಕರು. "ಕೊನೆಗೆ ಮಂತ್ರಿನೇ ಈ ತಿಂಗಳೊಳಗೆ ಆರ್ಡರ್ ಮಾಡ್ತೀನಿ ಅಂದ್ರು."

ಸಿದ್ದಲಕ್ಷ್ಮಮ್ಮನ ಕಣ್ಣು ತುಂಬಿತು. "ಸ್ವಾಮಿ, ಅವತ್ತು ನಾನು ನಿಮ್ಗೇ—"

"ಹೇಳ್ಬಾರ್ದು ಕಣಮ್ಮ" ಎಂದು ಅವರು ಕೈಯೆತ್ತಿ ತಡೆದರು. "ನೀವು ಬಾಗ್ಲಿಗ್ ಬಂದು ಮಾತಾಡಿದ್ರಲ್ಲ, ನಂಗೆ ಅದೇ ದೊಡ್ಡದಾಗಿತ್ತು. ಎಷ್ಟೋ ಮನೇಲಿ ಮೆಂಬರ್ ಮಖಾನೇ ನೋಡ್ಲಿಲ್ಲ ನಾನು."

ಖಾಲಿ ಚೀಲ ಕಳಿಸಬಾರದೆಂದು ಅವರ ಹೆಂಡತಿ ಬಾಳೆಹಣ್ಣು, ಕೂಸಿಗೊಂದು ಹಳದಿ ಕುಲಾವಿ ಹಾಕಿಕೊಟ್ಟರು. ಬಸ್‌ಸ್ಟ್ಯಾಂಡಿಗೆ ಮಹಾಲಿಂಗಯ್ಯ ತಾವೇ ಬಂದರು. ತುಮಕೂರಿನ ಬಸ್ಸಿಗೆ ಜನ ಮುಗಿಬಿದ್ದಿದ್ದರು. ಅವರು ಕಾಲ್ಬೆರಳ ಮೇಲೆ ನಿಂತು ಚೀಲವನ್ನು ಕಿಟಕಿಯೊಳಗೆ ತೂರಿಸಿ ಸೀಟು ಹಿಡಿದರು.

ಅವಳು ಕೂತು ಕಿಟಕಿಯಿಂದ ನೋಡಿದಳು. ಬಸ್ಸು ಹೊರಟಿತು. ಸೈಕಲ್ಲಿನವನೊಬ್ಬ ಬೆಲ್ಲು ಬಾರಿಸಿ, "ಯಜಮಾನ್ರೇ, ಸೈಡು" ಎಂದು ಗದರಿದ. ಮಹಾಲಿಂಗಯ್ಯ ಪಕ್ಕಕ್ಕೆ ಸರಿದು ನಿಂತು, ಮೊಳೆಯ ತುಕ್ಕು ಹತ್ತಿದ ಕೈಯನ್ನು ಎತ್ತಿ ಆಡಿಸಿದರು. ಅವಳು ಕೈ ಮುಗಿದವಳು, ಬಸ್ಸು ತಿರುಗಿ ಅವರು ಮರೆಯಾದ ಮೇಲೂ ಇಳಿಸಲಿಲ್ಲ.