ಗದ್ದುಗೆ ಹಿಡಿಯೋರ್ಯಾರು?

ಪಂದ್ಯ ಶುರುವಾಗಲು ಇನ್ನೂ ಎರಡು ಗಂಟೆ ಇತ್ತು. ಊರಿಗೆಲ್ಲ ಕಹಳೆ ಎಂದೇ ಹೆಸರಾದವನು ಆಗಲೇ ಮೂರು ಸಲ ಗಂಟಲಿಗೆ ಬಿಸಿನೀರು ಹುಯ್ದುಕೊಂಡಿದ್ದ. ವಾರವೆಲ್ಲ ಸಗಟು ಮಾರುಕಟ್ಟೆಯಲ್ಲಿ ತರಕಾರಿ ಹರಾಜು ಕೂಗುವ ಗಂಟಲು ಅದು. ಭಾನುವಾರ ಮಾತ್ರ ಫುಟ್‌ಬಾಲ್ ಮೈದಾನದ ಉತ್ತರ ಗ್ಯಾಲರಿಗೆ ಮೀಸಲು. "ಗೋಲು ಹೊಡಿಯೋರ್ಯಾರು?" ಎಂದು ಅವನು ಒಮ್ಮೆ ಕೂಗಿದರೆ ನಾಲ್ಕು ಸಾವಿರ ಬಾಯಿಗಳು "ನಮ್ಮೋರು!" ಎನ್ನುತ್ತಿದ್ದವು.

ಇವತ್ತು ಮಾತ್ರ ಅವನಿಗೆ ಕೂತಲ್ಲಿ ಕೂರಲಾಗಲಿಲ್ಲ. ಕಿಟಕಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕೊನೆಗೆ ಎರಡು ಬೀದಿ ದಾಟಿ ಅಕ್ಕನ ಮನೆಗೆ ನಡೆದ.

"ಭಾವ ಹೊರಟ್ರಾ?"

"ಆಗಲೇ. ದಕ್ಷಿಣ ಗ್ಯಾಲರಿ ಟಿಕೆಟ್ಟು," ಎಂದಳು ಅಕ್ಕ, ಬಟ್ಟೆ ಹಿಂಡುತ್ತ.

"ಅಲ್ಲಿ ಎದುರು ತಂಡದವರು ಕೂರೋದು!"

"ಹದಿನೆಂಟು ವರ್ಷ ನಿನ್ನ ಪಕ್ಕ ಕೂತೋರು ಈಗ ಅಲ್ಲಿ ಹೋಗಿ ಕೂರ್ತಾರೆ. ನಿನ್ನ ಹೆಸರೆತ್ತಿದ್ರೆ ತಟ್ಟೆ ಬಿಟ್ಟು ಏಳ್ತಾರೆ. ನಾನು ಯಾರ ಕಡೆ ಅಂತ ನಿಲ್ಲಲಿ, ಹೇಳು?"

ಜಗಳಕ್ಕೆ ಕಾರಣ ಕಹಳೆಯೇ. ಫುಟ್‌ಬಾಲ್ ಕ್ಲಬ್ಬಿನ ಅಧ್ಯಕ್ಷರು ಪಕ್ಷವೊಂದರಿಂದ ಚುನಾವಣೆಗೆ ನಿಂತಿದ್ದರು. ಅವರ ಕಾರ್ಯದರ್ಶಿ ಕಹಳೆಗೆ ಎರಡನೇ ಸಾಲೊಂದನ್ನು ಹೊಸೆದು ಕೊಟ್ಟಿದ್ದ: "ಗದ್ದುಗೆ ಹಿಡಿಯೋರ್ಯಾರು?" ಪ್ರಾಸ ಸೊಗಸಾಗಿತ್ತು. ನಾಲ್ಕು ಪಂದ್ಯಗಳ ಹಿಂದೆ ಕಹಳೆ ಅದನ್ನು ಮೊದಲ ಸಾಲಿನ ಬೆನ್ನಿಗೇ ಕೂಗಿದ್ದ. ಗ್ಯಾಲರಿ ಅಭ್ಯಾಸಬಲದಿಂದ "ನಮ್ಮೋರು!" ಎಂದಿತ್ತು. ವಾರವಿಡೀ ಇನ್ನೊಂದು ಪಕ್ಷಕ್ಕಾಗಿ ಮನೆಮನೆ ಸುತ್ತಿ ಕಾಲು ನೋಯಿಸಿಕೊಂಡಿದ್ದ ನಲ್ಲಿ ರಿಪೇರಿ ಮೇಸ್ತ್ರಿ ಭಾವನೂ ಎಲ್ಲರಿಗಿಂತ ಜೋರಾಗಿ ಕೂಗಿ, ಆಮೇಲೆ ತಾನು ಕೂಗಿದ್ದೇನೆಂದು ತಿಳಿದು ಬೆಪ್ಪಾಗಿದ್ದ.

"ಒಂದು ಸಾಲು ತಾನೆ, ಭಾವ," ಎಂದಿದ್ದ ಕಹಳೆ.

"ಸಾಲಲ್ಲ ಕಣೋ, ಬಾಯಿ. ನನ್ನ ಬಾಯಿ! ಓದದೇ ಇರೋ ಕಾಗದಕ್ಕೆ ನನ್ನ ಹೆಬ್ಬೆಟ್ಟು ಒತ್ತಿಸಿಕೊಂಡೆಯಲ್ಲ!"

ಅಂದು ಎದ್ದು ಹೋದವನು ತಿರುಗಿ ನೋಡಿರಲಿಲ್ಲ.

ಉತ್ತರ ಗ್ಯಾಲರಿಯಲ್ಲಿ ಕಾರ್ಯದರ್ಶಿ ಕಾಯುತ್ತಿದ್ದ. "ಟಿವಿಯವರು ಬಂದಿದ್ದಾರೆ. ಎರಡನೇ ಸಾಲು ಇವತ್ತು ಜೋರಾಗಿರಲಿ."

"ಇವತ್ತಿಂದ ಅದು ಬೇಡ, ಸ್ವಾಮಿ."

"ಬೇಡ್ವಾ? ಬಿಸಿಲಲ್ಲಿ ಬೇಯ್ತಿದ್ರಲ್ಲ, ತಲೆ ಮೇಲೆ ಈ ಸೂರು ಹಾಕಿಸಿದ್ದು ಯಾರು? ಅಧ್ಯಕ್ಷರು ಸೋತ್ರೆ ಕ್ಲಬ್ಬು ಬಾಗಿಲು ಹಾಕುತ್ತೆ. ಆಗ ಮಾರುಕಟ್ಟೇಲಿ ಬದನೆಕಾಯಿಗೆ ಜೈಕಾರ ಹಾಕ್ತೀರಾ?"

ಮಾತಿನಲ್ಲಿ ಸುಳ್ಳಿರಲಿಲ್ಲ. ಸೂರು ಕಣ್ಣೆದುರೇ ಇತ್ತು. "ಹಾಕಿಸಿದ್ದು ದೊಡ್ಡ ಉಪಕಾರ. ಆದ್ರೆ ಅದರ ಕೆಳಗೆ ಕೂತೋರ ನಾಲಿಗೇನೂ ಅವರದ್ದೇ ಅಂತ ಆಗಲ್ಲವಲ್ಲ," ಎಂದು ಕಹಳೆ ತಾನು ನಿಂತು ಕೂಗುವ ಕಟ್ಟೆ ಹತ್ತಿದ.

"ಗೋಲು ಹೊಡಿಯೋರ್ಯಾರು?"

"ನಮ್ಮೋರು!"

ಅಲ್ಲಿಗೇ ಬಾಯಿ ಮುಚ್ಚಿದ. ಕಟ್ಟೆ ಪಕ್ಕದ ಡೋಲಿನವರು ಎಂದಿನಂತೆ ಎರಡು ಪೆಟ್ಟು ಹಾಕಿದರು. ಎರಡನೇ ಪ್ರಶ್ನೆಯನ್ನು ಯಾರೂ ಕೂಗಲೇ ಇಲ್ಲ, ಆದರೂ ಗ್ಯಾಲರಿ ಗುಡುಗಿತು: "ನಮ್ಮೋರು!"

ಕಹಳೆ ಗ್ಯಾಲರಿಯುದ್ದಕ್ಕೂ ಕಣ್ಣು ಹಾಯಿಸಿದ. ಕೇಳದ ಪ್ರಶ್ನೆಗೂ ಉತ್ತರ! ತಾನು ಸುಮ್ಮನಿದ್ದರೆ ನಿಲ್ಲುವ ಸಂಗತಿಯಲ್ಲ ಇದು. ಮುಂದಿನ ಸಾಲಲ್ಲಿ ಮುದುಕನೊಬ್ಬ ತುಟಿ ಬಿಗಿದು ನೆಲ ನೋಡುತ್ತಿದ್ದ. ಇಷ್ಟು ದಿನ ಇಂಥ ಎಷ್ಟು ತುಟಿಗಳು ತನ್ನ ಕಣ್ಣಿಗೆ ಬೀಳದೆ ಹೋಗಿದ್ದವೋ.

ಅವನು ಡೋಲಿನ ಮೇಲೆ ಅಂಗೈ ಇಟ್ಟು ಸದ್ದಡಗಿಸಿದ. "ಆ ಎರಡನೇ ಸಾಲು ಮೈದಾನದ್ದಲ್ಲ. ನಿಮ್ಮನ್ನ ಕೇಳದೆ ನಿಮ್ಮ ಬಾಯಲ್ಲಿಟ್ಟೆ. ತಪ್ಪಾಯ್ತು. ಓಟು ಯಾರಿಗಾದ್ರೂ ಹಾಕಿ. ಇಲ್ಲಿ ಆಟ ನೋಡೋಣ."

ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ಹೋ ಎಂದು ಅಣಕಿಸಿದರು. "ನಾಳೆಯಿಂದ ಈ ಕಟ್ಟೆಗೆ ಬೇರೆಯವರು ಬರ್ತಾರೆ," ಎಂದ ಕಾರ್ಯದರ್ಶಿ. ಕಹಳೆ ಇಳಿದು, ಹೊರಗಿನಿಂದ ಮೈದಾನ ಸುತ್ತಿ ದಕ್ಷಿಣ ಗ್ಯಾಲರಿಗೆ ಓಡಿದ. ಬಾಗಿಲಲ್ಲಿದ್ದ ಕಾವಲುಗಾರ ಮಾರುಕಟ್ಟೆಯ ಪರಿಚಯದವನು, ಒಳಗೆ ಬಿಟ್ಟ.

ಎದುರು ತಂಡದ ಅಂಗಿಗಳ ನಡುವೆ ಭಾವ ಒಬ್ಬನೇ ಮುದುಡಿ ಕೂತಿದ್ದ. ಕಹಳೆ ಕೆಳಗಿನ ಮೆಟ್ಟಿಲಲ್ಲಿ ಕೂತ.

"ಭಾವ, ನಾನು..."

"ಕೇಳಿಸ್ತು. ನಿನ್ನ ಗಂಟಲು ಮುಂದಿನ ಊರಿಗೂ ಕೇಳಿಸುತ್ತೆ."

ಇಬ್ಬರೂ ಮೈದಾನದತ್ತ ತಿರುಗಿದರು. ಆಟ ಮುಗಿಯಲು ಐದು ನಿಮಿಷವಿದ್ದಾಗ ನಮ್ಮ ತಂಡದ, ಎಡಗಾಲಲ್ಲಿ ಒದೆಯುವ ಹುಡುಗ ಚೆಂಡನ್ನು ಬಲೆಗೆ ನೂಕಿದ. ಕಹಳೆ ಚಂಗನೆ ಎದ್ದು ಬಾಯಿ ತೆರೆದ. ಹಿಂದಿನಿಂದ ಬಂದ ಒರಟು ಅಂಗೈಯೊಂದು ಅದನ್ನು ಫಟ್ಟನೆ ಮುಚ್ಚಿತು.

"ಕೂಗಬೇಡ್ವೋ, ಪುಣ್ಯಾತ್ಮ! ಇಲ್ಲಿ ಇಬ್ರನ್ನೂ ಚಚ್ಚಿಹಾಕ್ತಾರೆ!" ಎಂದು ಭಾವ ಪಿಸುಗುಟ್ಟಿದ. ನಗು ತಡೆಯಲಾಗದೆ ಅವನ ಕೈ ನಡುಗುತ್ತಿತ್ತು.