ಎಂಬತ್ತಾರು ಹಟ್ಟಿಗಳ ಪುಸ್ತಕ

"ಬಾಯ್ ಮುಚ್ಚಲೇ! ತಪ್ಪಾತಂತೆ, ತಪ್ಪು! ನನ್ ಮಗಳ್ನ ಕಟ್ಕೊಳ್ಳೋನಿಗೇ ತಂಗಿ ಮಾಡಿಟ್ಯಲ್ಲೋ!" ಪಾತಣ್ಣ ಪುಸ್ತಕವನ್ನು ಕೀಬೋರ್ಡಿನ ಮೇಲೆ ಎಸೆದ.

ಗಂಗರಾಜು ತಲೆ ಎತ್ತಲಿಲ್ಲ. ಚಳ್ಳಕೆರೆ ಬಸ್‌ಸ್ಟ್ಯಾಂಡಿನ ಎದುರಿಗೆ ಅವನ ಡಿಟಿಪಿ ಅಂಗಡಿ. ಪಾತಣ್ಣನ ಕುಲದ ಯಜಮಾನರು ಮನೆಮನೆಯ ವಂಶ ಹೇಳುವ ಹೆಳವರ ಬಾಯಿಂದ ಬರೆಸಿದ ವಂಶಾವಳಿಯನ್ನು ಅಚ್ಚಿಗೆ ಅವನಿಗೇ ಕೊಟ್ಟಿದ್ದರು. ಎಂಬತ್ತಾರು ಹಟ್ಟಿ, ಹಟ್ಟಿಗೊಂದು ಫೈಲು. ಕೊನೆಗೆ, ದೇವಸಮುದ್ರದ ಕಡೆಯ ಮೂರು ಮನೆಗಳಿಗೆ ಬೆಡಗು, ಅಂದರೆ ಒಳಪಂಗಡ, ಗುಂಡ್ಲೋರು ಎಂದು ಬಿದ್ದಿದೆ, ಅವರು ಹುಲ್ಲೇನೋರು, ತಿದ್ದು ಎಂದು ಹೇಳಿ ಕಳಿಸಿದರು. ಆ ಮನೆಗಳು ಯಾವ ಫೈಲಿನಲ್ಲಿವೆ ಎಂದು ಹುಡುಕುವುದಕ್ಕೆ ಸೋಮಾರಿತನ. ಪದ ಬದಲಿಸಲು ಹೊಸದಾಗಿ ಕಲಿತ ಸ್ಕ್ರಿಪ್ಟೊಂದನ್ನು ಬರೆದು ಎಂಬತ್ತಾರರ ಮೇಲೂ ಓಡಿಸಿದ. ಚಹಾ ಆರುವಷ್ಟರಲ್ಲಿ ಊರೂರಿನ ಗುಂಡ್ಲೋರೆಲ್ಲ ಹುಲ್ಲೇನೋರಾದರು, ಪುಸ್ತಕ ಹಾಗೇ ಅಚ್ಚಾಯಿತು. ಬೇರೆ ಕುಲದ ಅವನಿಗೆ ಅದು ಬರೀ ಒಂದು ಪದ.

ಪಾತಣ್ಣನ ಮಗಳು ರಾಧಮ್ಮ ಗುಂಡ್ಲೋರ ಹುಡುಗಿ, ಅವಳಿಗೆ ನೋಡಿದ್ದ ಲೋಹಿತ ಹುಲ್ಲೇನೋರ ಹುಡುಗ. ಮದುವೆ ಗೊತ್ತು ಮಾಡುವ ವೀಳ್ಯದ ದಿನ ಗಂಡಿನ ಕಡೆಯ ಹಿರಿಯ ಬೊಮ್ಮಲಿಂಗಪ್ಪ ಪುಸ್ತಕ ಓದಿಸಿದ. ಇಬ್ಬರದೂ ಒಂದೇ ಬೆಡಗು, ಅಂದರೆ ಅಣ್ಣ ತಂಗಿ. ತಾವು ಗುಂಡ್ಲೋರೆಂದು ಪಾತಣ್ಣ ಬಾಯಿ ಬಡಿದುಕೊಂಡ. ಹೆಳವರ ಮಾತು ಅಚ್ಚಾಗಿರುವಾಗ ಕೇಳುವವರು ಯಾರು? ದೋಷ ಕಳೆಯಲಿ ಎಂದು ಅಲ್ಲೇ ಲೋಹಿತನ ಕೈಯಿಂದ ರಾಧಮ್ಮನಿಗೆ ಅಣ್ಣನ ಕಾಣಿಕೆಯಾಗಿ ಕುಪ್ಪಸದ ಕಣ ಕೊಡಿಸಿದರು.

"ಹಳೇ ಫೈಲು ಉಳಿಸ್ಕೊಂಡಿರ್ಲಿಲ್ಲಣ್ಣ. ಹದಿನೈದು ದಿನ ಕೂತು ಒಂದೊಂದೇ ಮನೆ ಕೈಯಾಗೆ ತಿದ್ದಿದ್ದೀನಿ," ಗಂಗರಾಜು ಅಂದ. "ಹೊಸ ಪುಸ್ತಕ ನಾನೇ ಹಾಕ್ಸಿಕೊಡ್ತೀನಿ. ಹೆಳವರೂ ಬಂದು ಹೇಳಿದ್ರಂತಲ್ಲ?"

"ಹೇಳಿದ್ರು. ಬೊಮ್ಮಲಿಂಗಪ್ಪ ಏನಂದ ಗೊತ್ತೇನಲೇ? ಬೆಡಗು ಬ್ಯಾರೆನೇ, ಒಪ್ಪಿದೆ. ಆದ್ರೆ ಹುಡುಗಿ ಅಣ್ಣ ಅಂತ ಕಣ ಇಸ್ಕಂಡೈತಲ್ಲ, ಇನ್ನ ಮದ್ವೆ ಆಗಲ್ಲ, ಅಂದ. ತಿದ್ದು ನೋಡಾನ ಅದ್ನ!"

"ಸಾಕು ಬಿಡಪ್ಪ." ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತಿದ್ದ ರಾಧಮ್ಮ ಎದ್ದು ಬಂದಳು. "ನಮ್ಮನೆ ಎಲ್ಲೈತೆ, ತೋರ್ಸಣ್ಣ."

ತೋರಿಸಿದ. ಪರದೆಯ ಗಾಜಿನ ಮೇಲೆ ಬೆರಳಿಟ್ಟು ಓದಿದಳು.

"ಅವರ್ದು?"

ಲೋಹಿತನ ಮನೆಯ ಫೈಲನ್ನೂ ತೆರೆದ. ಓದುವುದು ಮುಗಿದರೂ ಬೆರಳು ತೆಗೆಯಲಿಲ್ಲ.

"ಎಲ್ಡೂ ಸರಿಯಾಗೈತೆ," ಅಂದಳು.

"ಪ್ರಿಂಟ್ ತೆಗೆದುಕೊಡ್ತೀನಿ, ಇರಮ್ಮ." ಗಂಗರಾಜು ಹಳೇ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿಗೆ ಉದ್ದನೆಯ ಮಡಿಕೆ ಕಾಗದ ಸಿಕ್ಕಿಸಲು ಬಗ್ಗಿದ. ಅದು ಕಿರುಗುಡುತ್ತಾ ಸಾಲು ಸಾಲಾಗಿ ಬಡಿಯತೊಡಗಿತು. ಹಿಂದಿನಿಂದ "ರಾಧೀ, ನಿಲ್ಲೇ!" ಎಂಬ ಕೂಗು ಕೇಳಿ ತಿರುಗಿದರೆ ಅವಳಿರಲಿಲ್ಲ. ಪಾತಣ್ಣ ಮೆಟ್ಟಿಲಿಳಿದು ಓಡುತ್ತಿದ್ದ. ಅವಳು ಹತ್ತಿದ್ದ ನಾಯಕನಹಟ್ಟಿ ಬಸ್ಸು ಹೊರಟಿತ್ತು.

ಹಾಳೆ ಒಯ್ಯಲು ಅಂದು ಯಾರೂ ಬರಲಿಲ್ಲ, ವಾರ ಕಳೆದರೂ ಬರಲಿಲ್ಲ. ಅವಳ ಮನೆಯ ಹಾಳೆ, ಲೋಹಿತನ ಮನೆಯ ಹಾಳೆ, ನಡುವಿನ ತೂತಿನ ಸಾಲು ಹರಿಯದೆ, ಪ್ರಿಂಟರಿನಿಂದ ಜೋಡಿಯಾಗಿ ನೇತಾಡುತ್ತಿದ್ದವು.