ಎಳೆಬಿಸಿಲಿಗೆ ಇಟ್ಟ ವೈನು

ವಾಲ್ಪಾರೈಯ ಗ್ರಿಲ್ ಹೋಟೆಲಿನಲ್ಲಿ ವೈನ್ ಕಾಯುತ್ತಿದ್ದ ಮೈಲ್‌ಸಾಮಿ ಜನ್ಮದಲ್ಲಿ ಅದರ ಒಂದು ಹನಿಯನ್ನೂ ಬಾಯಿಗೆ ಹಾಕಿದವನಲ್ಲ. ಹಾಗಂತ ನಗಬೇಡಿ. ಅನ್ನೂರಿನ ರೇಷ್ಮೆ ಸೀರೆ ಅಂಗಡಿಯೊಂದರಲ್ಲಿ ಮೂವತ್ತು ವರ್ಷ ಮಾಲು ಕಾದವನು ಅವನು, ಒಂದು ಸೀರೆಯೂ ಮಡಿಕೆಯಲ್ಲಿ ಬಿರಿಯದ ಹಾಗೆ. ಆ ಅಂಗಡಿ ಮುಚ್ಚಿತು. ಯಜಮಾನರ ಮಗ ಶರವಣನ್ ಬೆಟ್ಟದ ಮೇಲೆ ಹೋಟೆಲು ತೆಗೆದಾಗ, "ಸೀರೆ ಕಾದೋರಿಗೆ ಬಾಟಲಿ ಕಾಯೋದು ಏನು ದೊಡ್ಡದು ಅಣ್ಣಾ?" ಎಂದು ಕರೆದುಕೊಂಡು ಬಂದ. ಐವತ್ತೆಂಟನೇ ವಯಸ್ಸಿನಲ್ಲಿ ಬೇರೆ ಯಾರು ಕರೆಯುತ್ತಾರೆ?

ಈಗ ಆ ಕೆಲಸಕ್ಕೂ ಕುತ್ತು ಬಂದಿತ್ತು. ಹೋಟೆಲುಗಳ ಸಂಘದವರು ವೈನ್ ಪಟ್ಟಿಗೆ ಅಂಕ ಹಾಕಲು ಕೊಯಮತ್ತೂರಿನಿಂದ ಇಂದುಜಾ ಎಂಬಾಕೆಯನ್ನು ಕಳಿಸಿದ್ದರು. ಫೇಲಾದರೆ ವೈನ್ ವಿಭಾಗವೇ ಬಂದ್. "ಆಮೇಲೆ ನಿಮಗಿಲ್ಲಿ ಏನು ಕೆಲಸ ಅಣ್ಣಾ," ಎಂದು ಶರವಣನ್ ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟಿದ್ದ.

ಮಂಜು ಕಿಟಕಿಗೆ ಅಂಟಿಕೊಂಡಿದ್ದ ಮಧ್ಯಾಹ್ನ. ಇಂದುಜಾ ಪಟ್ಟಿ ಓದಿ, ಆಯ್ಕೆ ಚೆನ್ನಾಗಿದೆ ಎಂದು ತಮಿಳಿನಲ್ಲಿ ಹೊಗಳಿದಳು. ಮೈಲ್‌ಸಾಮಿಗೆ ಹೋದ ಜೀವ ಬಂದಂತಾಯಿತು. ಮೊದಲ ಬಾಟಲಿ ತೆರೆದಳು, ಮೂಸಿದಳು, ಗ್ಲಾಸು ದೂರ ತಳ್ಳಿದಳು. ಎರಡನೆಯದೂ ಅಷ್ಟೇ. ಮೂರನೆಯದಕ್ಕೆ ಅವನು ತನಗೇ ಗೊತ್ತಿಲ್ಲದೆ ಮನೆ ಮಾತಾದ ಕನ್ನಡದಲ್ಲಿ ಗೊಣಗಿದ: "ದೇವ್ರೇ, ಇದೂ ಹೋಯ್ತಾ?"

ಅವಳು ತಲೆ ಎತ್ತಿದಳು. "ನೀವೂ ನಮ್ಮೋರಾ ಅಣ್ಣಾ? ನಮ್ಮೂರು ಕುರಿಚಿ. ಅಪ್ಪ ಮಗ್ಗದ ಕೆಲ್ಸ. ಇದ್ನೆಲ್ಲಾ ಎಂಗೆ ಇಟ್ಟಿದ್ರಿ?"

ಕನ್ನಡ ಕೇಳಿ ಅವನಿಗೆ ಧೈರ್ಯ ಬಂತು. "ಪಟ್ಟು ಸೀರೆ ತರಾನೇ ಕಣಮ್ಮಾ. ತಿಂಗ್ಳಿಗೊಂದ್ ಸಲ ಎಲ್ಲಾ ಈಚೆ ತೆಗ್ದು, ಒರ್ಸಿ, ಎಳೆಬಿಸ್ಲಿಗೆ ಇಡ್ತೀನಿ. ಮಳೇಲಿ ಬಿಸ್ಲು ಇಲ್ದಿದ್ರೆ ಗ್ರಿಲ್ ಒಲೆ ಪಕ್ಕ. ತೇವ ಹಿಡೀಬಾರ್ದಲ್ಲ?"

ಇಂದುಜಾ ಕೈಯಲ್ಲಿದ್ದ ಬಾಟಲಿ ಕೆಳಗಿಟ್ಟಳು. "ಬಿಸ್ಲೇ ಇದುಕ್ಕೆ ವಿಷ ಅಣ್ಣಾ. ಕತ್ಲೆಲಿ, ತಣ್ಣಗೆ, ಮಲಗ್ಸಿ ಇಡ್ಬೇಕು."

"ಎಲ್ಲಾನೂ ಕೆಟ್ಟೋಯ್ತಾ?"

ಅವಳು ಇನ್ನೂ ಐದಾರು ತೆಗೆದು ಮೂಸಿದಳು. "ಎಲ್ಲಾನೂ."

ಮೂರು ವರ್ಷ ಮಕ್ಕಳಂತೆ ನೋಡಿಕೊಂಡದ್ದನ್ನು ತಾನೇ ಕೈಯಾರೆ ಕೊಂದೆ ಎಂದು ಅವನಿಗೆ ಅರ್ಥವಾಯಿತು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ. ಅಪ್ಪನ ವಯಸ್ಸಿನವನು ಎಂದು ಅವಳಿಗೆ ಕನಿಕರವಾಯಿತು. ಅವಳು ದನಿ ತಗ್ಗಿಸಿದಳು. "ಪಟ್ಟಿ ಒಳ್ಳೇದು, ಮಾಲು ದಾರೀಲಿ ಕಾವು ಹತ್ತಿ ಕೆಟ್ಟಿದೆ, ಹೊಸ್ದು ತರ್ಸಿ ಅಂತ ಬರ್ದು ಕೊಡ್ತೀನಿ. ನಿಮ್ಮ ಹೆಸ್ರು ಬರಲ್ಲ."

ಮಾಲು ಯಾರು ತರುತ್ತಾರೆಂದು ಅವಳಿಗೇನು ಗೊತ್ತು? ಮೈಲ್‌ಸಾಮಿಗೆ ಗೊತ್ತಿತ್ತು. ಲಿಂಗಸಾಮಿ. ಒಂದೇ ಒಂದು ವ್ಯಾನ್ ನಂಬಿ ಬದುಕುವವನು. ಬೆಟ್ಟದ ನಲವತ್ತು ತಿರುವುಗಳನ್ನೂ ಬಾಟಲಿ ಕುಲುಕದ ಹಾಗೆ ಆಮೆ ನಡಿಗೆಯಲ್ಲಿ ಹತ್ತಿಸಿ, ಮೇಲೆ ಬಂದು ಮೈಲ್‌ಸಾಮಿಯ ಜೊತೆ ಟೀ ಕುಡಿದು ಹೋಗುವವನು. ಬೇಡ ಕಣಮ್ಮಾ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಅವಳು ಬರೆದು ಸಹಿ ಹಾಕಿಯಾಗಿತ್ತು, ಶರವಣನ್ ಒಳಗೆ ಬಂದಾಗಿತ್ತು.

ಕಾಗದ ಓದುತ್ತ ಶರವಣನ್‌ನ ಮುಖ ಕೆಂಪಾಯಿತು. "ದಾರಿಯಲ್ಲೇ ಕೆಟ್ಟದ್ದಾ? ಈ ಲಿಂಗಸಾಮಿ ಬಿಸಿಲಲ್ಲಿ ವ್ಯಾನ್ ನಿಲ್ಲಿಸಿ ಮಲಗುತ್ತಾನೇನು? ನೀವು ಹೇಳಿ ಅಣ್ಣಾ. ಅಪ್ಪನ ಕಾಲದಿಂದ ನಿಮ್ಮ ಮಾತನ್ನು ಯಾರೂ ಎರಡನೇ ಸಲ ಕೇಳಿಲ್ಲ. ನಿಜವಾ?"

ಇಂದುಜಾ ಚೀಲ ಹೆಗಲಿಗೇರಿಸುತ್ತ ನಿಂತಿದ್ದಳು. ಒಲೆಯಲ್ಲಿ ಮಾಂಸ ಸೀಯುತ್ತಿತ್ತು.

"ಆಮಾಂಗ," ಎಂದು ಮೈಲ್‌ಸಾಮಿ ಹೌದೆಂದು ತಲೆಯಾಡಿಸಿದ.

ಶರವಣನ್ ಅಲ್ಲೇ ಫೋನ್ ತೆಗೆದು ಸ್ಪೀಕರಿಗೆ ಹಾಕಿದ. ಲಿಂಗಸಾಮಿ ಮೊದಲ ರಿಂಗಿಗೇ ಎತ್ತಿದ.

"ಹೇಳಿ ಯಜಮಾನ್ರೇ. ನಮ್ಮ ಮೈಲ್‌ಸಾಮಿ ಅಣ್ಣ ಪಾಸಾದರಾ?"